ಮದುವೆಗೆಂದು ಒಟ್ಟಿದ ಕಟ್ಟಿಗೆ

ಗೋಗಿಯ ಶೇಖಮ್ಮನಿಗೆ ಊರಿನ ಒಂದು ಮನೆಯೂ ಮನೆಯಾಗಿ ಕಂಡಿದ್ದಿಲ್ಲ. ಯಾರ ಹಿತ್ತಿಲಿಗೆ ಹೋದರೂ ಮೊದಲು ನೋಡುವುದು ಕಟ್ಟಿಗೆ, ನೋಡಿದ ಮೇಲೆ ಮಾಡುವುದು ಮೂಗು ಮುರಿಯುವುದು. ಕಟ್ಟಿಗೆ ನೆಲಕ್ಕೆ ಸುರಿದಿದ್ದರೆ, "ದನದ ಬಾಳೇವು." ತಾಡಪತ್ರಿಯಿಂದ ಬುಡದ ತನಕ ಸುತ್ತಿದ್ದರೆ, "ಹೆಣ ಮುಚ್ಚಿದಂಗ ಮುಚ್ಯಾರ. ಗಾಳಿ ಎಲ್ಲಿಂದ ಆಡಬೇಕು?" ಗ್ಯಾಸಿನ ಮೇಲೆ ಅಡುಗೆ ಮಾಡುವವರನ್ನು ಬೈಗುಳಕ್ಕೂ ಯೋಗ್ಯರಲ್ಲವೆಂದು ಬಿಟ್ಟಿದ್ದಳು.

ಅವಳ ಸ್ವಂತ ಕಟ್ಟಿಗೆ ಒಟ್ಟಲನ್ನು ಮಾತ್ರ ಊರೆಲ್ಲ ನೋಡಬೇಕು. ಮಗ ಶಾಂತಕುಮಾರನ ಮದುವೆ ಅಡುಗೆಗೆಂದು ಜಾಲಿ ಕಡಿಸಿ, ಸೀಳಿಸಿ, ಬೇಸಿಗೆಯ ಬಿಸಿಲಿಗೆ ಒಣಗಿಸಿ, ಕೆಳಗೆ ಕಲ್ಲು ಹಾಸಿ ಒಟ್ಟಿದ್ದಳು. ಮಳೆಗಾಲದಲ್ಲಿ ನೆತ್ತಿಗಷ್ಟೇ ತಾಡಪತ್ರಿ, ಪಕ್ಕಗಳು ಗಾಳಿಗೆ. ಮದುವೆಗೆ ತೆಗೆದಿಟ್ಟ ಕಟ್ಟಿಗೆಯನ್ನು ಬೇರೆ ಒಲೆಗೆ ಹಾಕಬಾರದೆಂಬುದು ಅವಳ ಮನೆತನದ ರೂಢಿ. ಅವಳ ಅತ್ತೆ ಹೀಗೆ ಇಟ್ಟದ್ದು ಒಂದೇ ಬೇಸಿಗೆ. ಇವಳ ಒಟ್ಟಲು ಹತ್ತು ಮಳೆ ಕಂಡಿತ್ತು. ಒಂದು ತುಂಡನ್ನೂ ಮಗ್ಗಲು ಬದಲಿಸಲು ಬಿಡದೆ, ತಾನು ತೊಗರಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಇಂಥ ಜಾಣತನಕ್ಕೆ ಏನನ್ನಬೇಕು?

ಮದುವೆಯಾದರೂ ಆಗಬೇಕಲ್ಲ! ಶಹಾಪುರದ ಹೆಣ್ಣಿನ ಮನೆಯಲ್ಲಿ ಕಟ್ಟಿಗೆ ಹಸಿ, ಬೇಡ. ಸುರಪುರದಲ್ಲಿ ಒಟ್ಟಲು ವಾಲಿತ್ತು, ಮನೆಯವರ ಬುದ್ಧಿಯೂ ವಾಲಿರುತ್ತದೆ, ಬೇಡ. ಹತ್ತಿಕುಣಿಯಲ್ಲಿ ಕಟ್ಟಿಗೆಯೇ ಇರಲಿಲ್ಲ, ಅಲ್ಲಿ ಕೊಟ್ಟ ಚಹಾವನ್ನೂ ಅವಳು ಮುಟ್ಟಲಿಲ್ಲ. ಶಾಂತಕುಮಾರನೋ, ಆಟೋದಲ್ಲಿ ಕುರಿ ತುಂಬಿದ ಹಾಗೆ ಮಂದಿ ತುಂಬಿ "ಸರೀರಿ, ಸರೀರಿ" ಎಂದು ಶಹಾಪುರದ ತನಕ ಗದರುವ ಗಂಡಸು, ಅವ್ವನ ಮುಂದೆ ಬೆಕ್ಕಿನ ಮರಿ. "ನೀ ಹೇಳ್ದಂಗ ಆಗ್ಲವ್ವ" ಅನ್ನುವನು. ಅನ್ನುತ್ತ ಅನ್ನುತ್ತ ಕಿವಿಯ ಮೇಲಿನ ಕೂದಲು ಬೆಳ್ಳಗಾದವು. ಹೆಣ್ಣಿನವರು ಈ ಮನೆಯ ಹೆಸರೆತ್ತಿದರೆ ಕೈಮುಗಿಯತೊಡಗಿದರು.

ಕಡೆಗೆ ಗುರುಮಠಕಲ್ ಕಡೆಯ ಚಂದಮ್ಮ ತನ್ನ ಮಗಳಿಗೆ ಮನೆ ನೋಡಲು ಬಂದಳು. ಇದೊಂದು ತಪ್ಪಿದರೆ ಇನ್ನು ಯಾರೂ ಬರುವುದಿಲ್ಲವೆಂದು ಸಂಬಂಧ ತಂದವರು ಮೊದಲೇ ಹೇಳಿದ್ದರು. ಅದು ಶೇಖಮ್ಮನಿಗೂ ಗೊತ್ತಿತ್ತು. ಆದರೂ ಬಂದವಳನ್ನು ಒಟ್ಟಲಿಗೆ ಮುಖ ಮಾಡಿಯೇ ಕೂಡಿಸಿದಳು.

"ನೋಡ್ರಿ, ಹಿಂಗ ಒಟ್ಟೋರು ನಿಮ್ ಕಡಿ ಅದಾರೇನು?"

"ಇಲ್ರಿ ಅಕ್ಕಾರ," ಅಂದಳು ಚಂದಮ್ಮ. "ನಾವು ಒಟ್ಟತೀವಿ, ಸುಡ್ತೀವಿ."

"ಅದಕ್ಕ ನಿಮ್ ಮನಿಗೋಳು ಹೊಗಿ ತುಂಬಿರ್ತಾವ."

ಚಂದಮ್ಮ ನಕ್ಕಳು. ಎದ್ದು ಹೋಗಿ, ಗೋಡೆಯ ಕಡೆ ಸಾಲಿನೊಳಗೆ ಕೈ ಹಾಕಿ ಒಂದು ತುಂಡು ಎಳೆದಳು. ಸಿಪ್ಪೆ ಅವಳ ಕೈಯಲ್ಲುಳಿಯಿತು, ಒಳಗಿನದೆಲ್ಲ ಮಣ್ಣಾಗಿ ಸುರಿಯಿತು. ಮಣ್ಣಿನ ಜೊತೆ ಬಿಳಿ ಗೆದ್ದಲೂ ಉದುರಿದವು. ಅದರ ಮೇಲಿನದನ್ನು ಎಳೆದಳು, ಅದೂ ಹಾಗೇ. ಬೇರೆಯವರ ಎಲೆಯ ನೊಣ ಎಣಿಸುತ್ತಿದ್ದವಳ ಎಲೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿತ್ತು.

"ಕಟಗಿಗೂ ಒಂದು ವಯಸ್ಸ ಇರ್ತದ್ರಿ," ಚಂದಮ್ಮ ಕೈ ಕೊಡವಿಕೊಂಡಳು. "ಹಸಿ ಇದ್ದಾಗ ಹತ್ತಂಗಿಲ್ಲ. ಒಣಗಿದ ಮ್ಯಾಲ ಸುಡದಿದ್ರ ಹುಳ ತಿಂತಾವ. ಇರ್ಲಿ, ನಿಮ್ ಮಗಗ ಈಗೆಷ್ಟು ವಯಸ್ಸು?"

ಶೇಖಮ್ಮನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗುರುಮಠಕಲ್ಲಿನವರನ್ನೆಲ್ಲ ಒಂದೇ ಮಾತಿಗೆ ಅಳಿಸಿಹಾಕುವ ಬೈಗುಳ ಬಾಯ ತನಕ ಬಂದಿತ್ತು. ಅಷ್ಟರಲ್ಲಿ, ಬಾಗಿಲಿಗೆ ಆತು ನಿಂತಿದ್ದ ಶಾಂತಕುಮಾರ, ಅವ್ವನ ಮುಖ ನೋಡದೆ, ಅವಳನ್ನು ಕೇಳದೆ, ಬಾಯಿ ಬಿಟ್ಟ.

"ಮೂವತ್ತೊಂಬತ್ರಿ," ಅಂದ.