ಪಟದ ಶಿವರಾಜುವಿನ ಕೊಳೆ ಸ್ಕ್ರೀನು

ಶಿವರಾಜು ಅಂತಃಕರಣವಿಲ್ಲದ ಮನುಷ್ಯ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಒಮ್ಮೆ ಅವನ ಎದುರಿಗೇ ಹೇಳಿದ್ದೇನೆ. “ಇರ್ಬೋದು ಕಣ್ರಮ್ಮ” ಎಂದನೇ ಹೊರತು ತಲೆ ಎತ್ತಿ ನೋಡಲಿಲ್ಲ.

ಮದ್ದೂರಿನ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಅವನ ಸ್ಟುಡಿಯೋ ಇದೆ. ಬೋರ್ಡಿನ ಮೇಲೆ ಮದುವೆ, ನಾಮಕರಣ, ಗೃಹಪ್ರವೇಶ ಎಂದೆಲ್ಲ ಬರೆಸಿದ್ದರೂ ಅದಕ್ಕೆ ಅವನನ್ನು ಕರೆಯುವವರು ಈಗ ಯಾರೂ ಇಲ್ಲ. ಅವನ ಅಂಗಡಿ ನಡೆಯುವುದು ಸತ್ತವರಿಂದ. ಹನ್ನೊಂದನೆಯ ದಿನದ ತಿಥಿಗೆ ಹಾರ ಹಾಕಲು ಒಂದು ಪಟ ಬೇಕು. ಹಳ್ಳಿಯ ಮುದುಕರಿಗೆ ಒಂಟಿ ಫೋಟೋ ಇರುವುದು ಅಪರೂಪ. ಮನೆಯವರು ಆಧಾರ್ ಕಾರ್ಡಿನ ಮಸುಕು ಮುಖವನ್ನೋ, ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಕಾಣುವ ತಲೆಯನ್ನೋ ತರುತ್ತಾರೆ. ಶಿವರಾಜು ಆ ಮುಖವನ್ನು ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ, ತಿದ್ದಿ, ಮೊದಲೇ ಸಿದ್ಧವಿರುವ ಮೈಯೊಂದಕ್ಕೆ ಕೂಡಿಸಿ, ಹಿಂದೆ ನೀಲಿ ಮೋಡ ಹಾಕಿ, ಕಟ್ಟು ಹಾಕಿ ಕೊಡುತ್ತಾನೆ. ಗಂಡಸರಿಗೆ ಒಂದು ಕಪ್ಪು ಕೋಟು, ಹೆಂಗಸರಿಗೆ ಒಂದು ಹಸಿರು ರೇಷ್ಮೆ ಸೀರೆ. ಬಹಳ ವರ್ಷಗಳಿಂದ ಅದೇ ಕೋಟು, ಅದೇ ಸೀರೆ. ತಾಲ್ಲೂಕಿನ ಅರ್ಧದಷ್ಟು ಗಂಡಸರು ಒಂದೇ ಕೋಟು ತೊಟ್ಟು ಗೋಡೆಗಳ ಮೇಲೆ ಕುಳಿತಿದ್ದಾರೆ.

ಬಂದವರು ಅತ್ತರೆ ಅವನು ಕುರ್ಚಿಯನ್ನು ಸ್ಕ್ರೀನಿನ ಕಡೆ ತಿರುಗಿಸಿಕೊಂಡುಬಿಡುತ್ತಾನೆ. ಸಮಾಧಾನದ ಒಂದು ಮಾತು ಆಡುವುದಿಲ್ಲ, ಒಂದು ಲೋಟ ನೀರು ಕೊಡುವುದಿಲ್ಲ. ಒಮ್ಮೆ ನಾನು ಪಾಸ್‌ಪೋರ್ಟ್ ಅಳತೆಯ ಫೋಟೋಗಾಗಿ ಕಾಯುತ್ತ ಕುಳಿತಿದ್ದಾಗ ಶಿವಪುರದಿಂದ ಚಿಕ್ಕಮಾದಮ್ಮ ಎಂಬ ಮುದುಕಿ ಬಂದಿದ್ದಳು. ಗಂಡ ಅಂಕಯ್ಯ ಸತ್ತು ಆರು ದಿನವಾಗಿತ್ತು. ಸ್ಕ್ರೀನಿನಲ್ಲಿ ಗಂಡನ ಮುಖ ಮೂಡಿದ್ದೇ ತಡ, ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು.

“ಅಳಾದೆಲ್ಲ ಆಮ್ಯಾಕೆ. ಮೊಕ ಸರಿಯಾಗೈತಾ ಯೋಳಜ್ಜಿ” ಎಂದ ಶಿವರಾಜು.

ಮುದುಕಿ ಕಣ್ಣೊರೆಸಿಕೊಂಡು ಬಗ್ಗಿದಳು. “ಅದ್ಯಾರ ಕೋಟಪ್ಪ ಅದು? ನಮ್ ಯಜಮಾನ್ರು ಮದ್ವೇಲೂ ಕೋಟಾಕ್ನಿಲ್ಲ.”

“ಎಲ್ರಿಗೂ ಆಕಾದೇ ಕಣಜ್ಜಿ.”

“ಬಿಚ್ಚಪ್ಪ ಅದ್ನ. ಸೆಕೆ ಆಯ್ತದೆ ಅವ್ರಿಗೆ.”

“ಕೋಟು ಬಿಚ್ಚುದ್ರೆ ಒಳುಗ್ ಮೈ ಇಲ್ಲ. ಸುಮ್ಕಿರು.”

ಅವಳು ಸುಮ್ಮನಿರಲಿಲ್ಲ. ಸ್ಕ್ರೀನಿನ ಬಲಗಡೆ ಬೆರಳು ತೋರಿಸಿ, “ಕೆನ್ನೆ ಮ್ಯಾಲೆ ಅದೇನಪ್ಪ ಮಚ್ಚೆ? ಅವ್ರಿಗೆ ಮಚ್ಚೆ ಇರ್ನಿಲ್ಲ” ಎಂದಳು.

ಅದು ಮಚ್ಚೆಯಲ್ಲ, ಸ್ಕ್ರೀನಿನ ಕೊಳೆ. ಬಲಬದಿಯ ಮೇಲು ಮೂಲೆಯಲ್ಲಿ ಜಿಡ್ಡು ಕಲೆಗಳು, ಅವುಗಳ ಮೇಲೆ ಕೂತ ಧೂಳು. ಒರೆಸಿದ್ದರೆ ಮುಗಿಯುತ್ತಿತ್ತು. ಶಿವರಾಜು ಒರೆಸಲಿಲ್ಲ. ಮೌಸಿನಿಂದ ಅಂಕಯ್ಯನನ್ನೇ ಎಡಕ್ಕೆ ಸರಿಸಿ, “ಈಗ ಓಯ್ತಾ?” ಎಂದ.

“ಓಯ್ತು ಕಣಪ್ಪ” ಎಂದು ಮುದುಕಿ ಕೈ ಮುಗಿದಳು.

ಇನ್ನೊಂದು ದಿನ ನಾನೇ ನೋಡಲಾರದೆ ಸೆರಗಿನ ತುದಿ ಹಿಡಿದು ಆ ಮೂಲೆಯನ್ನು ಒರೆಸಲು ಹೋದೆ. “ಮುಟ್ಬ್ಯಾಡಿ!” ಎಂದು ಕೂಗಿದ ರಭಸಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನನ್ನ ಮೇಲೆ ಮದ್ದೂರಿನಲ್ಲಿ ಯಾರೂ ಹಾಗೆ ಕೂಗಿರಲಿಲ್ಲ. ಸೋಮಾರಿ, ಜೊತೆಗೆ ಒರಟ ಎಂದುಕೊಂಡು ಎದ್ದು ಬಂದೆ.

ಆ ಲ್ಯಾಪ್‌ಟಾಪು ಅವನದಲ್ಲ, ಅವನ ಮಗಳು ಚಂದನಳದು.

ಚಂದನ ಒಬ್ಬಳೇ ಮಗಳು. ಡಿಗ್ರಿಗೆ ಸೇರಿದ ವರ್ಷ ಅಪ್ಪ ಅಮ್ಮ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಅದನ್ನು ಕೊಡಿಸಿದ್ದರು. ಅಂದು ಅಂಗಡಿಯಲ್ಲಿ ಹೊಳಪಿಲ್ಲದ ಮ್ಯಾಟ್ ಸ್ಕ್ರೀನೋ ಹೊಳೆಯುವ ಗ್ಲಾಸಿ ಸ್ಕ್ರೀನೋ ಎಂದು ಅಪ್ಪನಿಗೂ ಮಗಳಿಗೂ ಜಗಳವಾಗಿತ್ತಂತೆ. ಫೋಟೋ ಕಾಗದದಲ್ಲಿ ಈ ಎರಡನ್ನೂ ಕಂಡವನಾದ್ದರಿಂದ ಅಪ್ಪ ಮ್ಯಾಟ್ ಎಂದ. ಮಗಳು ಗ್ಲಾಸಿ ಬೇಕೆಂದಳು. “ಆಫ್ ಮಾಡುದ್ರೂ ಕೆಲ್ಸಕ್ ಬತ್ತದೆ ಕಣಪ್ಪ” ಎಂದು, ಕಪ್ಪಗೆ ಹೊಳೆಯುವ ಸ್ಕ್ರೀನಿನ ಮುಂದೆ ನಿಂತು ಹಣೆಯ ಬೊಟ್ಟು ಸರಿಮಾಡಿಕೊಂಡಳು. ಅಲ್ಲಿಗೆ ಅಪ್ಪ ಸೋತ.

ಕೆಲವು ಸಂಜೆ ಅವಳು ಅಂಗಡಿಯಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದಳು. ಅಂಗಡಿಯ ಹಳೆಯ ಕಂಪ್ಯೂಟರು ಕೈಕೊಟ್ಟಾಗ ಸತ್ತವರ ಕೆಲಸ ಅವಳ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ತಾಯಿ ಆಗಷ್ಟೇ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿರುತ್ತಿದ್ದಳು. ಹುಡುಗಿ ಜಡೆ ಹಿಡಿದಿದ್ದ ಕೈಯಲ್ಲೇ ಸ್ಕ್ರೀನಿಗೆ ಬೆರಳೊತ್ತಿ, “ಅಪ್ಪ, ಈ ಅಜ್ಜಿ ಮೂಗುತಿ ಮರ್ತಿದ್ದೀಯ ನೋಡು, ಇಲ್ಲಿ, ಇಲ್ಲಿ” ಎನ್ನುತ್ತಿದ್ದಳು.

“ಎಣ್ಣೆ ಕೈ ಆಕ್ಬ್ಯಾಡ ಅಂತ ಎಷ್ಟ್ ಸಲ ಯೋಳ್ಲಿ? ತಗಿ ಕೈಯ!”

“ನನ್ ಲ್ಯಾಪ್‌ಟಾಪು. ನನ್ ಕೈ. ನಿಂದೇನಪ್ಪ?”

ಇದನ್ನು ನಾನೇ ಕಂಡಿದ್ದೇನೆ, ಒಮ್ಮೆಯಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಐದು ದಿನ. ಆರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹೆಣ ತಂದರು. ಹತ್ತೊಂಬತ್ತು ತುಂಬಿರಲಿಲ್ಲ.

ಹನ್ನೊಂದನೆಯ ದಿನ ನಾನು ಅವರ ಮನೆಗೆ ಹೋಗಿದ್ದೆ. ದೀಪ ಹಚ್ಚಿದ್ದರು, ಎಡೆ ಇಟ್ಟಿದ್ದರು, ಮಲ್ಲಿಗೆಯ ಹಾರ ಮಣೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಟ ಇರಲಿಲ್ಲ. ಊರಿಗೆಲ್ಲ ಪಟ ಮಾಡಿಕೊಡುವವನ ಮನೆಯಲ್ಲಿ ಮಗಳ ಪಟವಿಲ್ಲದೆ ತಿಥಿ ನಡೆಯಿತು. ಹನ್ನೆರಡನೆಯ ದಿನ ಶಿವರಾಜು ಅಂಗಡಿ ತೆಗೆದು, ಸತ್ತ ಮಗಳ ಲ್ಯಾಪ್‌ಟಾಪು ತೆರೆದು, ಬೇರೆಯವರ ಸತ್ತವರಿಗೆ ಕೋಟು ತೊಡಿಸತೊಡಗಿದ. ಕೇಳಿದವರಿಗೆ, “ಹಳೇದು ನಿಧಾನ” ಎಂದ. ಅವನಿಗೆ ಅಂತಃಕರಣವಿಲ್ಲ ಎಂದು ನಾನು ಹೇಳಿದ್ದು ಆಗ.

ಅವನ ಹೆಂಡತಿ ವೀಣ ದಿನವೂ ಮಧ್ಯಾಹ್ನ ಊಟದ ಡಬ್ಬಿ ತರುತ್ತಾಳೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಮಾಡುದ್ರಾ?” ಎನ್ನುತ್ತಾಳೆ. ಏನನ್ನು ಎಂದು ಹೇಳುವುದಿಲ್ಲ. ಶಿವರಾಜು, “ಕೆಲ್ಸ ಐತೆ” ಎನ್ನುತ್ತಾನೆ. ಎರಡು ವರ್ಷ ಇದೇ ಮಾತು. ಮಗಳ ಚಿತ್ರಗಳು ಫೋನಿನಲ್ಲಿವೆ, ಬೇರೆ ಯಾವ ಸ್ಟುಡಿಯೋದವನಾದರೂ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾನೆ, ಮಾಡಿಸು ಎಂದೆ ನಾನು. ವೀಣ ನನ್ನನ್ನು ವಿಚಿತ್ರವಾಗಿ ನೋಡಿದಳು. “ಅವ್ರಪ್ಪ ಇದ್ದೂ ಇನ್ನೊಬ್ಬರ ಕೈಲಿ ಮಾಡ್ಸಾದಾ ಮೇಡಂ?” ಎಂದಳು.

ಅವಳಿಗೆ ಬೇಕಾಗಿದ್ದು ಅದೊಂದೇ: ಹಜಾರದ ಗೋಡೆಯ ಮೇಲೆ ಮಗಳು, ಮಗಳ ಅಪ್ಪನ ಕೈಯಿಂದಲೇ. ಒಮ್ಮೆ ನನ್ನೆದುರೇ ಅವಳು ಹಟ ಹಿಡಿದು ಕೇಳಿದಾಗ ಶಿವರಾಜು ಮೌಸು ಬಿಟ್ಟು ಹೇಳಿದ: “ಪಟ ಅಂದ್ರೆ ಏನು ಅಂತ ನಂಗೊತ್ತು ಕಣೇ. ದಿನಾ ಮಾಡ್ತೀನಿ.” ಅಷ್ಟು ಹೇಳಿ ಮತ್ತೆ ಆಚೆ ತಿರುಗಿದ.

ಈ ವರ್ಷ ಕಾರ್ತಿಕದಲ್ಲಿ ಆ ಸ್ಕ್ರೀನಿನ ಮೇಲೆ ಒಂದು ಹಸಿರು ಗೆರೆ ಬಿತ್ತು. ವಾರದೊಳಗೆ ಗೆರೆ ಹತ್ತಾಯಿತು, ಆಮೇಲೆ ಇಡೀ ಸ್ಕ್ರೀನು ಕಪ್ಪಾಯಿತು. ಸ್ಕ್ರೀನು ಬದಲಾಯಿಸಲು ಮಂಡ್ಯಕ್ಕೆ ಹೋಗಬೇಕಿತ್ತು. ಹೊರಡುವ ಹಿಂದಿನ ದಿನ ವೀಣ ನನ್ನ ಮನೆಗೆ ಬಂದಳು.

“ಮೇಡಂ, ನೀವೂ ಬನ್ನಿ. ನಿಮ್ಮ ಮಾತು ಕೇಳ್ತಾರೆ. ಗ್ಲಾಸೀನೇ ಹಾಕ್ಸಿ ಅಂತ ಯೋಳಿ.”

“ಅವನ ಕೆಲಸಕ್ಕೆ ಮ್ಯಾಟ್ ಒಳ್ಳೆಯದಲ್ಲವೇನಮ್ಮ?”

“ಒಳ್ಳೇದೋ ಕೆಟ್ಟದೋ, ಅವ್ಳು ಆರಿಸಿದ್ದು ಅದು. ಅದೂ ಓದ್ರೆ ಇನ್ನೇನ್ ಉಳೀತದೆ ಮೇಡಂ? ಪಟ್ವಂತೂ ಇಲ್ಲ.”

ಹೋದೆ. ಮಂಡ್ಯದಲ್ಲಿ ರಿಪೇರಿ ಅಂಗಡಿಯ ಸ್ವರೂಪ್ ಎಂಬಾತ ಎರಡು ಸ್ಕ್ರೀನುಗಳನ್ನು ಅಕ್ಕಪಕ್ಕ ಇಟ್ಟು ಬೆಳಗಿಸಿ ತೋರಿಸಿದ. ಒಂದರಲ್ಲಿ ಬಣ್ಣ ಉಕ್ಕುತ್ತಿತ್ತು, ಜೊತೆಗೆ ಟ್ಯೂಬ್‌ಲೈಟು, ಬಾಗಿಲು, ನಮ್ಮ ನಾಲ್ವರ ತಲೆ ಎಲ್ಲವೂ ಕಾಣುತ್ತಿತ್ತು. ಇನ್ನೊಂದು ತುಸು ಮಂಕು, ಆದರೆ ಅದರಲ್ಲಿ ಚಿತ್ರ ಬಿಟ್ಟು ಬೇರೇನೂ ಇಲ್ಲ.

“ಗ್ಲಾಸಿ ತಗೊಳ್ಳಿ ಸಾರ್, ನೋಡೋಕೆ ಜೀವಂತ ಇದ್ದಂಗಿರುತ್ತೆ” ಎಂದ ಸ್ವರೂಪ್.

“ನಾನು ಮಾಡಾದು ಸತ್ತೋರ್ ಕೆಲ್ಸ ಕಣಪ್ಪ.”

ಸ್ವರೂಪ್ ನಕ್ಕ. ಇನ್ಯಾರೂ ನಗಲಿಲ್ಲ. ವೀಣ ನನ್ನ ಮೊಣಕೈ ತಿವಿದಳು. ಆದರೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಹೊಳಪಿನ ಮೈ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ, ಒರಟು ಮೈ ಅದನ್ನು ಚದುರಿಸುತ್ತದೆ. ಇವನ ಅಂಗಡಿಯ ಬಾಗಿಲು ಪಡುವಣಕ್ಕಿದೆ, ಮಧ್ಯಾಹ್ನದ ಮೇಲೆ ರಸ್ತೆಯೆಲ್ಲ ಸ್ಕ್ರೀನಿನೊಳಗೇ ಓಡಾಡುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಕೊನೆಗೆ, “ಆದರೂ ವೀಣನ ಮನಸ್ಸಿನಲ್ಲಿ ಏನಿದೆ ಅಂತ ಒಮ್ಮೆ ಕೇಳು” ಎಂದೆ.

ಅವನು ಕೇಳಲಿಲ್ಲ. “ಮ್ಯಾಟ್ ಹಾಕಪ್ಪ. ಕೆಲ್ಸಕ್ಕೆ ಅದೇ ಸರಿ” ಎಂದ. ಮಾತು ಮುಗಿಯುವಷ್ಟರಲ್ಲಿ ವೀಣ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅವಳ ಹೆಗಲು ಕುಲುಕುವುದು ಆ ಹೊಳಪಿನ ಸ್ಕ್ರೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಶಿವರಾಜುವಿಗೂ ಕಂಡಿರಬೇಕು. ಅವನು ಎಂದಿನಂತೆ ಕುರ್ಚಿ ತಿರುಗಿಸಿಕೊಂಡ. ಅವನಿಗೆ ಅಂತಃಕರಣವಿಲ್ಲವೆಂಬ ನನ್ನ ತೀರ್ಮಾನದಲ್ಲಿ ನನಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ.

ಸ್ವರೂಪ್ ಸ್ಕ್ರೂ ಬಿಚ್ಚಿ, ಅಂಚಿನ ಪಟ್ಟಿ ತೆಗೆದು, ಹಳೆಯ ಸ್ಕ್ರೀನನ್ನು ಹೊರಗೆಳೆದು ಮೇಜಿನ ಮೇಲಿಟ್ಟ. ಕಪ್ಪು ಹಲಗೆಯಂತಿತ್ತು. “ಏನ್ಸಾರ್ ಇಷ್ಟು ಕೊಳೆ!” ಎಂದು, ಅಭ್ಯಾಸಬಲದಿಂದ ಎಡಗೈಯಲ್ಲಿ ದ್ರಾವಣದ ಬಾಟಲಿಯನ್ನೂ ಬಲಗೈಯಲ್ಲಿ ಬಟ್ಟೆಯನ್ನೂ ಎತ್ತಿಕೊಂಡ.

ಶಿವರಾಜು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಸ್ವರೂಪನ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದ.

“ಒರಸ್ಬ್ಯಾಡ.”

“ಕೆಟ್ಟೋಗಿರೋದು ಸಾರ್ ಇದು. ಕಸಕ್ಕೇ ಹಾಕೋದು.”

“ಒರಸ್ಬ್ಯಾಡ ಕಣಪ್ಪ” ಎಂದ ಮತ್ತೆ. ಈ ಸಲ ದನಿ ತಗ್ಗಿತ್ತು. “ಅದು ನಂದು. ಕೊಡು.”

ಹೆಗಲ ಮೇಲಿನ ಟವಲನ್ನು ಮೇಜಿನ ಮೇಲೆ ಹಾಸಿ, ಫೋಟೋದವರು ಒದ್ದೆ ಪ್ರಿಂಟನ್ನು ಹಿಡಿಯುವಂತೆ ಎರಡೂ ಅಂಚುಗಳನ್ನು ಮಾತ್ರ ಹಿಡಿದು ಆ ಹಾಳಾದ ಸ್ಕ್ರೀನನ್ನು ಅದರ ಮೇಲಿಟ್ಟ. ಮುಂಭಾಗಕ್ಕೆ ಬಟ್ಟೆ ತಾಗಿಸಲಿಲ್ಲ. ವೀಣ ಅಳು ನಿಲ್ಲಿಸಿ ನೋಡುತ್ತಿದ್ದಳು.

ವಾಪಸು ಬರುವಾಗ ಗೆಜ್ಜಲಗೆರೆಯಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯವರು ನುಗ್ಗಿ ಬಸ್ಸು ತುಂಬಿತು. ಮೂರು ಜನರ ಸೀಟಿನಲ್ಲಿ ನಾನು ಕಿಟಕಿಗೆ, ವೀಣ ನಡುವೆ, ಶಿವರಾಜು ಆ ತುದಿಗೆ ಕುಳಿತಿದ್ದೆವು. ಹೊಸ ಸ್ಕ್ರೀನಿನ ಲ್ಯಾಪ್‌ಟಾಪಿನ ಚೀಲ ಅವನ ಕಾಲ ಬಳಿ ಬಿದ್ದಿತ್ತು, ನಿಂತವರು ಅದನ್ನು ತುಳಿಯುತ್ತಿದ್ದರೂ ಅವನಿಗೆ ಪರಿವೆಯಿರಲಿಲ್ಲ. ಹಳೆಯ ಸ್ಕ್ರೀನನ್ನು ಎದೆಯ ಮಟ್ಟದಲ್ಲಿ ಹಿಡಿದಿದ್ದವನು ನೂಕಾಟ ಹೆಚ್ಚಾದಾಗ ಅದನ್ನು ಹೆಂಡತಿಯ ತೊಡೆಯ ಮೇಲಿಟ್ಟ.

“ಅಂಚ್ ಇಡ್ಕೊ. ಮ್ಯಾಲೆ ಬೆರ್ಳು ತಾಕ್ಸ್ಬ್ಯಾಡ.”

ವೀಣ ಅಂಚು ಹಿಡಿದಳು. ಹಿಂದಿನ ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬಂದು ಆ ಕಪ್ಪಿನ ಮೇಲೆ ಬಿದ್ದಾಗ, ಬಲಮೂಲೆಯ ಕೊಳೆ ಬೆಳ್ಳಗೆ ಎದ್ದು ಕಂಡಿತು. ಒಂದರ ಪಕ್ಕ ಒಂದು, ಸಣ್ಣ ಸಣ್ಣ ಬೆರಳ ಗುರುತುಗಳು. ಒಂದರಲ್ಲಂತೂ ಗೆರೆಗಳನ್ನು ಎಣಿಸಬಹುದಿತ್ತು.

ವೀಣ ಬಹಳ ಹೊತ್ತು ನೋಡಿದಳು. “ಮಾಡುದ್ರಾ” ಎಂದು ಕೇಳಲಿಲ್ಲ. ಅವಳ ಎರಡು ಕೈಗಳೂ ಅಂಚಿನಲ್ಲಿದ್ದವು, ಕಣ್ಣೊರೆಸಿಕೊಳ್ಳಲು ಬಿಡುವಿರಲಿಲ್ಲ. ನೀರು ಕೆನ್ನೆಯಿಂದ ಗಲ್ಲಕ್ಕೆ ಇಳಿದು ಅಲ್ಲಿ ಗುಂಡಗೆ ನಿಂತಿತು.

ಆಗ ಶಿವರಾಜು ತಿರುಗಿದ. ಬಸ್ಸಿನ ತುಂಬ ಜನ ನೋಡುತ್ತಿರುವಾಗಲೇ ಟವಲಿನ ತುದಿಯಿಂದ ಹೆಂಡತಿಯ ಗಲ್ಲ ಒರೆಸಿದ. ಆಮೇಲೆ ಕೆನ್ನೆ, ಆಮೇಲೆ ಕಣ್ಣು. ಮದ್ದೂರು ಬರುವವರೆಗೂ ಒರೆಸುತ್ತಲೇ ಇದ್ದ.

ಹನಿ ಆ ಗುರುತುಗಳ ಮೇಲೆ ಬೀಳಬಾರದೆಂದು ಒರೆಸಿದನೋ, ಅವಳು ಅಳಬಾರದೆಂದೋ, ನಾನು ಕೇಳಲಿಲ್ಲ.