ಬಿರಾಗೊ ಕೇಳಿದ ದಾರಿ

ನಮ್ಮ ವಠಾರದ ಅಫಿಯಾ ಬಿರಾಗೊಗೆ ನೆಂಟರಿದ್ದಾರೆಂದು ನಮ್ಮೂರು ಕುಮಾಸಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೆ ಜರ್ಮನಿಯ ವೀಸಾ ಬರುವವರೆಗೆ. ಬಂದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ನಾನು ಪೊಕುವಾ, ಗೇಟಿನ ಬಳಿ ಕೂತು ಬಾಳೆಕಾಯಿ ಸುಟ್ಟು ಮಾರುವವಳು. ಒಳಗೆ ಹೋಗುವವರೆಲ್ಲ ನನ್ನನ್ನು ದಾಟಿಯೇ ಹೋಗಬೇಕು. ಒಬ್ಬೊಬ್ಬರ ಮುಖ ಕಂಡಾಗಲೂ ನನಗೆ ಮೈ ಉರಿಯುತ್ತಿತ್ತು.

ಬಿರಾಗೊ ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಕೈ ಸವೆಸಿದವಳು. ಮಕ್ಕಳಾಗಲಿಲ್ಲ, ಅದನ್ನೇ ನೆಪ ಮಾಡಿ ಗಂಡ ಬಿಟ್ಟುಹೋದ. ಆಮೇಲೆ ಒಗೆಯಲು ಬಂದ ಚಾದರಗಳ ರಾಶಿಯಲ್ಲಿ ಒಂದು ಬೂದು ಬೆಕ್ಕಿನ ಮರಿ ಸಿಕ್ಕಿತು, ಮನೆಗೆ ತಂದಳು. ನಮ್ಮಲ್ಲಿ ಸಾಕುಪ್ರಾಣಿಗೆ ಹೆಸರಿಡುವುದು ಕರೆಯುವುದಕ್ಕಿಂತ ಹೆಚ್ಚಾಗಿ ಆಚೀಚೆಯವರಿಗೆ ಚುಚ್ಚುವುದಕ್ಕೆ. ಅವಳು ಇಟ್ಟ ಹೆಸರು ಮೆಂಪೆ, ಎಂದರೆ ‘ನನಗೆ ಬೇಡ’. ಅದು ತನಗೇ ಅಂದದ್ದೆಂದು ಅವಳ ಅಕ್ಕ ಸೇವಾ ಮುನಿಸಿಕೊಂಡಳು. ಮುನಿಸಿಕೊಂಡು ಸುಮ್ಮನಿದ್ದಳೇ? ತಂಗಿಯ ಹೊಟ್ಟೆಯ ಮಕ್ಕಳನ್ನು ತಿಂದದ್ದು ಆ ಮಾಟದ ಬೆಕ್ಕೇ ಎಂದು ಚರ್ಚಿನ ಹೆಂಗಸರ ಮುಂದೆಲ್ಲ ಸಾರಿದಳು. ಗಂಡ ಬಿಟ್ಟುಹೋದ ಮೇಲೆ ಬಂದ ಬೆಕ್ಕು ಮಕ್ಕಳನ್ನು ಹೇಗೆ ತಿಂದೀತು ಎಂಬುದು ಆ ಮೂರ್ಖಳ ತಲೆಗೆ ಹೊಳೆಯಲಿಲ್ಲ. ಬಿರಾಗೊ ಮಲೇರಿಯಾ ಬಂದು ಮಲಗಿದಾಗ ಒಬ್ಬ ನೆಂಟನೂ ಇಣುಕಲಿಲ್ಲ. ಬೆಕ್ಕು ಅವಳ ಕಾಲ ಬಳಿ ಕೂತಿತ್ತು. ಗಂಜಿ ನಾನು ಕೊಟ್ಟೆ, ಬೈದುಕೊಂಡೇ ಕೊಟ್ಟೆ.

ಹೀಗಿರುವಾಗ ಹ್ಯಾಂಬರ್ಗಿನಲ್ಲಿ ಬಸ್ಸು ತೊಳೆಯುವ ಡೊಂಕೊರ್ ಎಂಬ ವಿಧುರ, ಅವಳ ಹಳೆಯ ಪರಿಚಯದವನು, ಮದುವೆಗೆ ಕೇಳಿಕಳಿಸಿದ. ಅವನ ಮನೆಯವರು ಹೆಂಡದ ಬಾಟಲಿ ತಂದಿಟ್ಟು ಶಾಸ್ತ್ರ ಮುಗಿಸಿದರು. ಬಿರಾಗೊ ಫೋನಿನಲ್ಲಿ ಅವನಿಗೆ ಹೇಳಿದ್ದು ಒಂದೇ ಮಾತು: “ಮೆಂಪೆ ಬರೋದಾದ್ರೆ ನಾನೂ ಬರ್ತೀನಿ.”

ಬೆಕ್ಕು ಪರದೇಶಕ್ಕೆ ಹೋಗುವುದೇನು ಹುಡುಗಾಟವೇ? ಹುಚ್ಚುನಾಯಿ ರೋಗಕ್ಕೆ ಚುಚ್ಚುಮದ್ದಾಗಬೇಕು, ಅದರ ರಕ್ತ ಹೊರದೇಶಕ್ಕೆ ಹೋಗಿ ಪರೀಕ್ಷೆಯಾಗಬೇಕು, ಆಮೇಲೂ ತಿಂಗಳುಗಟ್ಟಲೆ ಕಾಯಬೇಕು. ಕಾದು ಮುಗಿಯುವಷ್ಟರಲ್ಲಿ ವೀಸಾದ ಗಡುವೂ ಅಂಚಿಗೆ ಬಂತು. ಮನೆತನದ ಹಿರಿಯ, ಅವಳ ಸೋದರಮಾವ ಒಪೊಕು ವಠಾರದಲ್ಲಿ ಕೂತು ಗೊಣಗಿದ: “ನಂಗೆ ಬಿಪಿ ಅಂತ ಬಡ್ಕೊಂಡ್ರೂ ನನ್ ರಕ್ತನ ಯಾರೂ ಬೀದಿ ಕೊನೆಗೂ ಕಳಿಸ್ಲಿಲ್ಲ. ಬೆಕ್ಕಿನ ರಕ್ತ ವಿಮಾನ ಹತ್ತುತ್ತಂತೆ.”

“ನಿಮಗೂ ಹುಚ್ಚುನಾಯಿ ಇಂಜೆಕ್ಷನ್ ಹಾಕಿಸ್ಲಾ ಮಾವ?” ಎಂದಳು ಬಿರಾಗೊ.

ಹೊರಡುವ ದಿನ ಬೆಳಿಗ್ಗೆ ಮಾವ ಹೊಸ್ತಿಲಲ್ಲಿ ಹೆಂಡ ಸುರಿದು ಸತ್ತ ಹಿರಿಯರನ್ನೆಲ್ಲ ಕರೆದ. ಮನೆತನದ ಉಡುಗೊರೆಯೆಂದು ಅವಳ ಹೆಗಲಿಗೆ ಒಂದು ಬಟ್ಟೆ ಹೊದಿಸಿದ. ನಮ್ಮಲ್ಲಿ ಹೋಗುವವರು “ದಾರಿ ಕೊಡಿ” ಎಂದು ಕೇಳುತ್ತಾರೆ, ಹಿರಿಯರು “ಅರ್ಧ ದಾರಿ ಕೊಟ್ವಿ” ಎನ್ನುತ್ತಾರೆ. ಉಳಿದರ್ಧಕ್ಕೆ ತಿರುಗಿ ಬರಲಿ ಎಂದು. ಪೂರ್ತಿ ಕೊಟ್ಟರೆ ಇನ್ನು ಈ ಕಡೆ ತಲೆ ಹಾಕಬೇಡ ಎಂದಂತೆ. ಮಾವ ಅವಳು ಕೇಳುವ ಮೊದಲೇ ಶುರುಮಾಡಿದ: “ಉಳಿದರ್ಧಕ್ಕೆ ಬರ್ತೀಯಲ್ಲ, ಆಗ ಒಂದು ಫೋನು, ಬಿಪಿ ನೋಡೋ ಮಿಷನ್ನು, ನನ್ನ ಕಾಲಳತೆ ಶೂ.” ಕಾಲನ್ನೂ ಮುಂದೆ ಚಾಚಿ ತೋರಿಸಿದ.

ಸೇವಾ ತಂದದ್ದು ಹ್ಯಾಂಬರ್ಗಿನಲ್ಲಿರುವ ತನ್ನ ಮಗನಿಗೆ ಹೊಗೆಯಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿದ ಹೊಗೆಮೀನು, ಖಾರದ ಡಬ್ಬಿಗಳು. ಬಿರಾಗೊಳ ಸೂಟ್‌ಕೇಸ್ ಆಗಲೇ ಬಿರಿಯುವಂತಿತ್ತು. ಸೇವಾಳ ಕಣ್ಣು ಬೆಕ್ಕಿನ ಪೆಟ್ಟಿಗೆಯ ಮೇಲೆ ಬಿತ್ತು. “ಒಂದು ಬೆಕ್ಕಿಗೆ ಇಷ್ಟು ದೊಡ್ಡ ಮನೆಯೇನೇ? ಅರ್ಧ ಖಾಲಿ ಇದೆಯಲ್ಲ.”

“ಅದನ್ನ ಮುಟ್ಬೇಡ ಅಕ್ಕ,” ಎಂದಳು ಬಿರಾಗೊ.

ಬಾಡಿಗೆ ವ್ಯಾನಿನಲ್ಲಿ ಎಲ್ಲರೂ ಅಕ್ರಾದ ವಿಮಾನ ನಿಲ್ದಾಣಕ್ಕೆ ಹೊರಟೆವು. ಒಬ್ಬರನ್ನು ಕಳಿಸಲು ಒಂದು ವ್ಯಾನು ಜನ ಹೋಗದಿದ್ದರೆ ನಮ್ಮವರಿಗೆ ಅವಮಾನ. ದಾರಿಯುದ್ದಕ್ಕೂ ಬೆಕ್ಕು ತುಟಿಪಿಟಕ್ಕೆನ್ನಲಿಲ್ಲ. ಅದು ತಾನು ಸುರಿದ ಹೆಂಡದ ಮಹಿಮೆ ಎಂದು ಮಾವ ಬೀಗಿದ.

ತಪಾಸಣೆಯ ಮೇಜಿನ ಬಳಿ ಅಧಿಕಾರಿ ಬೆಕ್ಕನ್ನು ಹೊರಗೆ ತೆಗೆಸಿದ. ಬಿರಾಗೊ ಅದನ್ನು ನನ್ನ ಕೈಗೆ ಕೊಟ್ಟಳು, ಅದು ನನ್ನ ಮಣಿಕಟ್ಟು ಗೀರಿತು. ಅವನು ಹಾಸು ಎತ್ತಿದ. ಅಡಿಯಲ್ಲಿ ಕಾಗದದ ಚೂರು, ಮುಳ್ಳು, ಅರ್ಧ ತಿಂದ ಹೊಗೆಮೀನು. ಎಣ್ಣೆಯೆಲ್ಲ ಪೆಟ್ಟಿಗೆಗೆ ಮೆತ್ತಿಕೊಂಡಿತ್ತು.

“ಇದನ್ನ ಯಾರು ಇಟ್ಟಿದ್ದು?” ಎಂದ ಅಧಿಕಾರಿ.

ಬೆಳಿಗ್ಗೆ ಸತ್ತವರನ್ನೆಲ್ಲ ಹೆಸರು ಹಿಡಿದು ಕರೆದ ಮಾವ ಈಗ ಸೂರು ನೋಡುತ್ತಾ ನಿಂತ. ಕೊನೆಗೆ ಸೇವಾ ಅಂದಳು, ನಾಚಿಕೆ ಬಿಟ್ಟು: “ಸಾರ್, ಅದು ಮಾಟದ ಬೆಕ್ಕು. ತಾನೇ ಇಟ್ಕೊಂಡಿರ್ಬೇಕು.”

ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿ ಬಿರಾಗೊ ಕಡೆ ತಿರುಗಿದ. “ಪೆಟ್ಟಿಗೆ ಹೀಗಿದ್ರೆ ಬೆಕ್ಕು ಹೋಗಲ್ಲಮ್ಮ. ತೊಳೆದು ಬೇರೆ ಬಟ್ಟೆ ಹಾಸ್ಕೊಂಡು ಬನ್ನಿ. ಕೌಂಟರ್ ಮುಚ್ಚೋ ಹೊತ್ತಾಯ್ತು. ಆಗ್ಲಿಲ್ಲ ಅಂದ್ರೆ ಬೆಕ್ಕು ಬಿಟ್ಟು ನೀವು ಹೋಗಿ.”

“ಬಿಟ್ಟು ಹೋಗೇ,” ಎಂದಳು ಸೇವಾ. “ಅದರ ಬದ್ಲು ಈ ಖಾರದ ಡಬ್ಬಿಗಳಾದ್ರೂ ಹೋಗ್ಲಿ.”

ಬಿರಾಗೊ ಮೀನನ್ನು ಕಸದ ಬುಟ್ಟಿಗೆ ಎಸೆದಳು, ಪೆಟ್ಟಿಗೆ ಹೊತ್ತು ಶೌಚಾಲಯಕ್ಕೆ ನಡೆದಳು. ಎಷ್ಟೋ ಜನರ ರಕ್ತದ ಕಲೆ ಒಗೆದ ಕೈ, ಮೀನಿನ ಎಣ್ಣೆ ಅವಳಿಗೆ ಯಾವ ಲೆಕ್ಕ? ನಾನು ಬೆಕ್ಕನ್ನು ಎದೆಗವಚಿಕೊಂಡು ‘ದರಿದ್ರದ್ದೇ, ಓಡಬೇಡ, ಅವಳು ನಿನ್ನ ಬಿಟ್ಟು ಹೋಗುವವಳಲ್ಲ’ ಎಂದು ಬೈಯುತ್ತಾ ನಿಂತೆ. ಅವಳು ಪೆಟ್ಟಿಗೆ ತೊಳೆದು ಒರೆಸಿ ತಂದಳು. ಹೆಗಲ ಮೇಲಿದ್ದ ಮಾವನ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಎಲ್ಲರೆದುರೇ ಒಳಗೆ ಹಾಸಿದಳು. ಅಧಿಕಾರಿ ಮೂಸಿ ನೋಡಿ ತಲೆಯಾಡಿಸಿದ.

ಮಾವ ಗಂಟಲು ಸರಿಮಾಡಿಕೊಂಡ. “ದಾರಿ ಕೇಳೇ, ಕೊಡ್ತೀನಿ.”

ಅವಳು ಅವನನ್ನು ದಾಟಿ ನನ್ನ ಬಳಿ ಬಂದಳು. ಬೆಕ್ಕನ್ನು ತೆಗೆದುಕೊಂಡು ಪೆಟ್ಟಿಗೆಗೆ ಬಿಟ್ಟಳು. “ಪೊಕುವಾ, ದಾರಿ ಕೊಡು.”

ನನಗಿದ್ದದ್ದು ಅವಳೊಬ್ಬಳೇ ಗೆಳತಿ. ಅರ್ಧ ಎಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. ಮಾವ ಚಾಚಿದ ಕಾಲು ನೆನಪಾಯಿತು.

“ಪೂರ್ತಿ ತಗೊಂಡು ಹೋಗೇ,” ಎಂದೆ.

ಮಾವ ಬಾಯಿ ಮೇಲೆ ಕೈ ಇಟ್ಟುಕೊಂಡ. ಬಿರಾಗೊ ನನ್ನ ಗೀರಿದ ಕೈಯನ್ನು ಒಮ್ಮೆ ಒತ್ತಿ ಹಿಡಿದಳು, ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.

ವ್ಯಾನಿನಲ್ಲಿ ಸೇವಾ ಸುಮ್ಮನಿರಲಿಲ್ಲ. “ಎಂಥಾ ಗೆಳತಿಯೇ ನೀನು? ಅವಳು ಮತ್ತೆ ಬರ್ದೇ ಇರೋ ಹಾಗೆ ಮಾಡ್ಬಿಟ್ಯಲ್ಲ.”

“ಹೌದು, ಮಾಡ್ದೆ,” ಎಂದೆ. ಕಿಟಕಿಗೆ ಮುಖ ಮಾಡಿ ಕುಮಾಸಿ ಬರುವವರೆಗೂ ಅತ್ತೆ.