ಒಂದು ಗೇಣು ಮಣ್ಣು

ಮೊಳಕಾಲ್ಮೂರಿನ ನಮ್ಮ ಮನೆಯನ್ನು ಅಕ್ಕನ ಮದುವೆಗಾಗಿ ಅಪ್ಪ ಊರ ಸಾಹುಕಾರರಲ್ಲಿ ನೂರು ರೂಪಾಯಿಗೆ ಅಡವಿಟ್ಟಿದ್ದ. ಅವನು ತೀರಿಹೋದಾಗ ನನಗೆ ಹತ್ತೊಂಬತ್ತು. ಸಾಲ ನನ್ನ ಹೆಗಲಿಗೆ ಬಂತು. ಬಡ್ಡಿ ತಿಂಗಳಿಗೆ ಒಂದೂವರೆ ರೂಪಾಯಿ, ಅಮಾವಾಸ್ಯೆಗೆ ಕೊಡಬೇಕು. ಮೂರು ಅಮಾವಾಸ್ಯೆ ತಪ್ಪಿದರೆ ಮನೆ ಸಾಹುಕಾರರದು ಎಂದು ಪತ್ರದಲ್ಲಿತ್ತು. ಎರಡು ಆಗಲೇ ತಪ್ಪಿದ್ದವು.

ಅವ್ವನೂ ನಾನೂ ಹಿಂದಿನ ಅಡುಗೆ ಕೋಣೆಗೆ ಸರಿದು, ಪಡಸಾಲೆಯನ್ನು ಬಾಡಿಗೆಗೆ ಕೊಡಲು ನಿಶ್ಚಯಿಸಿದೆವು. ರಾಯದುರ್ಗದ ಕಡೆಯ ನೇಕಾರ ದಂಪತಿ ಒಪ್ಪಿದರು. ತಿಂಗಳಿಗೆ ಎರಡು ರೂಪಾಯಿ, ಮೂರು ತಿಂಗಳದು ಮುಂಗಡ. ಆದರೆ ಅಮಾವಾಸ್ಯೆಗೆ ಮುಂಚೆ ಮಗ್ಗದ ಗುಣಿ ಸಿದ್ಧವಾಗಿರಬೇಕು. ನೇಯುವವನು ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಮಗ್ಗವನ್ನು ತುಳಿಯುವ ಗುಂಡಿ ಅದು.

ದಿನಚರಿಯಲ್ಲಿ ಪ್ರತಿ ಕೆಲಸಕ್ಕೂ ತಿಥಿ ಹಾಕಿಕೊಂಡೆ. ಷಷ್ಠಿಗೆ ಸೋರುವ ಮಾಳಿಗೆಗೆ ಸೌಳು ಮಣ್ಣು, ಎಂಟು ಬುಟ್ಟಿ. ನವಮಿಗೆ ಸುಣ್ಣ, ನಾಲ್ಕಾಣೆ. ದಶಮಿಯಿಂದ ಗುಣಿ. ಹಾರೆ ಪಕ್ಕದ ಮನೆಯದು, ಮೈ ನನ್ನದು. ಖರ್ಚಿನ ಕಡೆ ಸೊನ್ನೆ ಬರೆದೆ. ಆ ಸೊನ್ನೆಯನ್ನು ಅವ್ವನಿಗೂ ತೋರಿಸಿದೆ.

ತ್ರಯೋದಶಿಯ ಬೆಳಗ್ಗೆ ಸಾಹುಕಾರರು ಬಾಗಿಲಲ್ಲಿ ನಿಂತರು.

“ಏನ್ಲೇ, ನನ್ನ ಮನೇಲಿ ಬಾವಿ ತೋಡ್ತಿದೀಯಾ?”

“ಇನ್ನೂ ನಮ್ದೇ ಐತ್ರಿ, ಸಾಹುಕಾರ್ರೇ. ಅಮಾಸೆ ನಾಡಿದ್ದು.”

“ಅಡವಿಟ್ಟ ಮನೆ ಕೆಡಿಸೋ ಹಂಗಿಲ್ಲ. ಗುಣಿಗೆ ಮಣ್ಣು ತುಂಬು. ಇಲ್ಲಾಂದ್ರೆ ಪಂಚರನ್ನ ಕರೀತೀನಿ.”

ಒಳಗಿನಿಂದ ಅವ್ವ ಹೇಳಿದಳು: “ಕರೀರಿ, ಕರೀರಿ. ಅವರೂ ನೇಕಾರ್ರೇ, ಈಗ ಅವರವರ ಗುಣೀಲೇ ಕುಂತಿರ್ತಾರೆ.”

ಸಾಹುಕಾರರು ದಡದಡನೆ ಹೊರಟುಹೋದರು. ಸ್ವಲ್ಪ ಹೊತ್ತಿಗೆ ನೇಕಾರ ದಂಪತಿ ಬಂದರು. ಗಂಡ ಗುಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಪಾದಗಳು ತಳ ಮುಟ್ಟಲಿಲ್ಲ. ತೊಟ್ಟಿಲ ಕೂಸಿನ ಕಾಲಿನಂತೆ ಆಡಿದವು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಬ್ಬಾಯ್, ಇದು ಯಾರ ಕಾಲಿಗೆ ತೋಡಿದ್ದು?” ಎಂದ ಗಂಡ.

“ನನ್ನ ಕಾಲನ್ನೇ ಅಳೆದೆ,” ಎಂದೆ. ನಮ್ಮ ಬೀದಿಯಲ್ಲಿ ನನ್ನಷ್ಟು ಉದ್ದದವರು ಇನ್ನೊಬ್ಬರಿರಲಿಲ್ಲ.

“ಹಂಗಾದ್ರೆ ನೀನೇ ನೇಯಿ. ಬಾಡಿಗೆ ನಮಗೆ ಕೊಡು.”

ಹೆಂಡತಿ ಜೋರಾಗಿ ನಕ್ಕೇಬಿಟ್ಟಳು. ನನಗೆ ನಗು ಬರಲಿಲ್ಲ. ಎದುರುಸಾಲಿನಲ್ಲೇ ಸಾಹುಕಾರರ ಇನ್ನೊಂದು ಮನೆ, ಸಿದ್ಧ ಗುಣಿಯ ಸಮೇತ, ಖಾಲಿ ಇತ್ತು. ಇವರು ಎದ್ದು ಅಲ್ಲಿಗೆ ನಡೆದರೆ ನಮ್ಮ ಮನೆ ಹೋದಂತೆಯೇ.

“ಎಷ್ಟು ತುಂಬಬೇಕು ಹೇಳಣ್ಣ. ಈಗಲೇ ತುಂಬ್ತೀನಿ.”

ಅವನು ತನ್ನ ಕೈ ಚಾಚಿ ಒಂದು ಗೇಣು ತೋರಿಸಿದ. ತೋಡಿ ಹಾಕಿದ್ದ ಮಣ್ಣನ್ನೇ ಮತ್ತೆ ಸುರಿದೆ, ನೀರು ಚಿಮುಕಿಸಿದೆ, ಅಂಗೈ ಸಿಪ್ಪೆ ಏಳುವಂತೆ ಬಡಿದೆ. ಅವನು ಕೂತು ನೋಡಿದ, ಎದ್ದು ಇನ್ನಷ್ಟು ಬಡಿ ಎಂದ, ಮತ್ತೆ ಕೂತ. ಪಾದ ಊರಿತು. ಹೆಂಡತಿ ಸೊಂಟದ ಚೀಲ ಬಿಚ್ಚಿ ಆರು ರೂಪಾಯಿಯನ್ನು ಅವ್ವನ ಕೈಗೆ ಹಾಕಿದಳು.

ಅಮಾವಾಸ್ಯೆಯ ದಿನ ನಾಲ್ಕೂವರೆ ರೂಪಾಯಿಯನ್ನು ಸಾಹುಕಾರರ ಗಾದಿಯ ಮೇಲಿಟ್ಟೆ. ಅವರು ಎರಡು ಸಲ ಎಣಿಸಿದರು.

“ಗುಣಿಗೆ ಮಣ್ಣು ತುಂಬಿದ್ಯಾ?”

“ತುಂಬಿದೆ ರೀ. ಒಂದು ಗೇಣು. ಅಷ್ಟೇ ಬೇಕಿತ್ತು. ರಸೀದಿ ಬರೀರಿ.”

ಕೂರು ಎಂದರು. ಅವರು ಬರೆದು ಮುಗಿಸುವ ತನಕ ನಾನು ನಿಂತೇ ಇದ್ದೆ.